ರೇಣುಕಯ್ಯನ ಹೆಡ್‌ಫೋನುಗಳು

ಮಧುಗಿರಿಯ ಬಸ್ ಸ್ಟ್ಯಾಂಡಿನಿಂದ ಪೇಟೆ ಬೀದಿಗೆ ತಿರುಗಿದರೆ ಎಡಗಡೆಗೆ, ಬೆಲ್ಲದ ಮಂಡಿಗೂ ಒಬ್ಬ ದರ್ಜಿಯ ಅಂಗಡಿಗೂ ನಡುವೆ ರೇಣುಕಯ್ಯನ ರೇಡಿಯೋ ರಿಪೇರಿ ಅಂಗಡಿಯಿತ್ತು. ಒಳಗೆ ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕು. ಗೋಡೆ ತುಂಬ ಹೊಟ್ಟೆ ಬಗೆದ ರೇಡಿಯೋಗಳು, ಮೇಜಿನ ಮೇಲೆ ಬೆಸುಗೆಯ ಕಡ್ಡಿ, ಅದರ ಹೊಗೆಯಲ್ಲಿ ಕಪ್ಪಾಗಿದ್ದ ಬಸವಣ್ಣನ ಪಟ. ಎಪ್ಪತ್ತರ ದಶಕದಲ್ಲಿ ಸುತ್ತಲ ಹಳ್ಳಿಗಳವರಿಗೆ ರೇಡಿಯೋ ಕೆಟ್ಟರೆ ಬೇರೆ ದಾರಿಯಿರಲಿಲ್ಲ. ಪುರವರದಿಂದ, ಕೊಳಾಲದಿಂದ, ಅತ್ತ ಪಾವಗಡದ ಕಡೆಯಿಂದಲೂ ಜನ ರೇಡಿಯೋವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿಳಿಯುತ್ತಿದ್ದರು.

ಊರಿನಲ್ಲಿ ಅವನ ಕಿವಿಗೆ ದೊಡ್ಡ ಹೆಸರಿತ್ತು. ಗಿರಾಕಿ ರೇಡಿಯೋವನ್ನು ಹಾಡಿಸಿಕೊಂಡೇ ಬೀದಿಯಲ್ಲಿ ಬರುತ್ತಿದ್ದರೆ, ತಲೆಯನ್ನೂ ಎತ್ತದೆ, ಒಳಗೆ ಯಾವ ಭಾಗ ಹೋಗಿದೆ ಎಂದು ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಇದರ ಗರ್ವ ಅವನಿಗೆ ಸ್ವಲ್ಪ ಹೆಚ್ಚೇ ಇತ್ತು. ಯಾರಾದರೂ ಎದುರಾಡಿದರೆ ಮೂಗಿನ ತುದಿಯಲ್ಲೇ ಸಿಟ್ಟು. ರೇಡಿಯೋ ಒಂದು ಕಡೆ, ಗಿರಾಕಿ ಒಂದು ಕಡೆ ಆಗುವ ಹಾಗೆ ಬೈದು ಕಳಿಸುತ್ತಿದ್ದ. ಕೈಯಲ್ಲಿ ಕಸುಬಿದ್ದವನೆಂದು ಜನ ಸಹಿಸಿಕೊಂಡಿದ್ದರು.

ಮಗಳು ನೀಲಾಂಬಿಕೆ ಹುಟ್ಟಿದ್ದು ಎಪ್ಪತ್ತೈದರ ಕಾರ್ತಿಕದಲ್ಲಿ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಆದ ಒಂದೇ ಕೂಸು. ಎರಡು ತುಂಬಿದರೂ ಅಮ್ಮ ಎನ್ನಲಿಲ್ಲ. ಒಂದು ದಿನ ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಜಾರಿ ಬಿದ್ದು ಮನೆಯೆಲ್ಲ ಗುಡುಗಿದಾಗ, ಒಲೆಯ ಮುಂದಿದ್ದ ಅವನ ತಾಯಿ ಶಿವರುದ್ರಮ್ಮ ಎದೆ ಹಿಡಿದುಕೊಂಡು ಕೂತಳು. ಪಕ್ಕದ ತೊಟ್ಟಿಲಲ್ಲಿ ಎಚ್ಚರವಾಗಿಯೇ ಇದ್ದ ಮಗು ತನ್ನ ಕಾಲುಬೆರಳನ್ನು ನೋಡುತ್ತ ಮಲಗಿತ್ತು. ಈ ಮಗುವಿಗೆ ಕಿವಿ ಇಲ್ಲ ಎಂದು ಮುದುಕಿ ಅಂದೇ ಹೇಳಿದಳು. ಸೊಸೆ ಜಗದಾಂಬಳಿಗೆ ಅದು ಆರು ತಿಂಗಳಿಂದ ಗೊತ್ತಿತ್ತು.

ರೇಣುಕಯ್ಯ ಒಪ್ಪಲಿಲ್ಲ. ಒಪ್ಪದೆ ಇರುವುದಕ್ಕೆ ಅವನಿಗೆ ತನ್ನದೇ ಕಾರಣವಿತ್ತು. ಅವನ ಅಂಗಡಿಗೆ ಬಂದ ಯಾವ ರೇಡಿಯೋವೂ ಪೂರ್ತಿ ಸತ್ತಿರುತ್ತಿರಲಿಲ್ಲ. ಎಲ್ಲೋ ಒಂದು ತಂತಿ ಕಡಿದಿರುತ್ತದೆ, ಇಲ್ಲ ಶಕ್ತಿ ಸಾಲದೆ ದನಿ ಒಳಗೇ ಉಳಿದಿರುತ್ತದೆ. ಮಗುವಿನ ಕಿವಿಯಲ್ಲೂ ಹಾಗೆಯೇ ಇರಬೇಕು, ಬೇಕಾದಷ್ಟು ಜೋರಾಗಿ, ನೇರವಾಗಿ ಕೊಟ್ಟರೆ ಕೇಳಿಯೇ ಕೇಳುತ್ತದೆ ಎಂದು ಅವನು ಲೆಕ್ಕ ಹಾಕಿದ.

ಬಿಡಿ ಸಾಮಾನಿಗೆಂದು ಬೆಂಗಳೂರಿಗೆ ಹೋದಾಗ ಭಾನುವಾರದ ಗುಜರಿ ಬಜಾರಿನಲ್ಲಿ ಅವನಿಗೆ ಮಿಲಿಟರಿಯವರು ಹರಾಜು ಹಾಕಿದ ಒಂದು ಹೆಡ್‌ಫೋನು ಸಿಕ್ಕಿತ್ತು. ತಲೆಯ ಮೇಲೆ ಚರ್ಮ ಸುತ್ತಿದ ಉಕ್ಕಿನ ಪಟ್ಟಿ, ಎರಡು ಕಡೆ ಕರಿ ಬಟ್ಟಲು, ಬಟ್ಟಲೊಳಗೆ ನಾಣ್ಯದಷ್ಟು ತೆಳು ಕಬ್ಬಿಣದ ಬಿಲ್ಲೆ. ಹಾಕಿಕೊಂಡರೆ ತಲೆಯ ಮೇಲೆ ಒಂದು ಸೇರು ರಾಗಿ ಹೊತ್ತ ಹಾಗೆ. ಹಾಡು ಕೇಳಲು ಅದು ನಾಲಾಯಕ್ಕು. ಎಂಥ ಗಾಯಕನೂ ಅದರಲ್ಲಿ ಹಂಡೆಯೊಳಗೆ ಕೂತು ಹಾಡಿದಂತೆ ಕೇಳುತ್ತಿದ್ದ. ಆದರೆ ರಿಪೇರಿಗೆ ಅಂಥದು ಇನ್ನೊಂದಿರಲಿಲ್ಲ. ಇಲಿ ಕಡಿದಂಥ ಸಣ್ಣ ಗರಗರವನ್ನೂ ಅದು ಎತ್ತಿ ಕೊಡುತ್ತಿತ್ತು.

ಒಂದು ಹಳೆಯ ವಾಲ್ವ್ ರೇಡಿಯೋದಿಂದ ಅವನು ದನಿ ಹೆಚ್ಚಿಸುವ ಪೆಟ್ಟಿಗೆಯೊಂದನ್ನು ಮಾಡಿ, ಅದಕ್ಕೆ ಈ ಹೆಡ್‌ಫೋನು ಸಿಕ್ಕಿಸಿ, ಮೂರು ವರ್ಷದ ಮಗಳ ಕಿವಿಗೆ ಹಾಕಿದ. ಒಳಗಿನ ಒಂದು ತಂತಿಯನ್ನು ಬೆರಳಿಂದ ಮುಟ್ಟಿದ. ಅದು ಎಲ್ಲ ಮೆಕ್ಯಾನಿಕ್ಕರೂ ಮಾಡುವ ಪರೀಕ್ಷೆ. ಪೆಟ್ಟಿಗೆ ಜೀವಂತವಾಗಿದ್ದರೆ ಗುಂಯ್ ಎಂದು ಮೊರೆಯುತ್ತದೆ. ಪೆಟ್ಟಿಗೆ ಮೊರೆಯಿತು. ಮಗು ಕಣ್ಣರಳಿಸಿತು, ಎರಡೂ ಕೈಯಿಂದ ಬಟ್ಟಲುಗಳನ್ನು ಹಿಡಿದು ನಕ್ಕಿತು.

ರೇಣುಕಯ್ಯ ಅತ್ತುಬಿಟ್ಟ. ಅಂಗಡಿಯ ಬಾಗಿಲು ಹಾಕದೆ ಮಗುವನ್ನು ಎತ್ತಿಕೊಂಡು ಮನೆಗೆ ಓಡಿ ಹೋಗಿ, ಮಗಳಿಗೆ ಕಿವಿ ಕೇಳಿಸುತ್ತದೆ ಎಂದು ತಾಯಿಗೂ ಹೆಂಡತಿಗೂ ಹೇಳಿದ. ಅಂದು ಸಂಜೆ ಆ ಮನೆಯಲ್ಲಿ ಹೋಳಿಗೆ ಮಾಡಿದರು. ಅವನ ಬಾಳಿನಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದು ಬರಲಿಲ್ಲ.

ಅಂದಿನಿಂದ ದಿನಾ ಸಂಜೆ ಪರೀಕ್ಷೆ, ಪಾಠ. ಮಗು ಅಪ್ಪನ ಕೈಯ ಆಟವನ್ನು ನೋಡಿ ಮೋಸ ಮಾಡಬಾರದೆಂದು ಅವಳನ್ನು ಗೋಡೆಗೆ ಮುಖ ಮಾಡಿಸಿ ಕೂರಿಸುತ್ತಿದ್ದ. ದನಿ ಬಂದರೆ ಬೆರಳೆತ್ತಬೇಕು. ಎತ್ತಿದರೆ ಒಂದು ಕಲ್ಲುಸಕ್ಕರೆ. ಅವಳು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಎತ್ತುತ್ತಿದ್ದಳು. ಆಮೇಲೆ ಪೆಟ್ಟಿಗೆಗೆ ಒಂದು ಮೈಕು ಸಿಕ್ಕಿಸಿ, ಅದರ ಮುಂದೆ ಬಾಯಿಟ್ಟು ಅಪ್ಪ, ಅಮ್ಮ, ನೀರು, ಅನ್ನ ಎಂದು ಒಂದೊಂದೇ ಮಾತನ್ನು ಕೂಗುತ್ತಿದ್ದ. ಪ್ರತಿ ಮಾತಿಗೂ ಬೆರಳು ಏಳುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ. ಮಾತು ತಡವಾಗಿ ಬರುತ್ತದೆ ಎಂದು ಅವನು ಎಲ್ಲರಿಗೂ ಹೇಳಿದ, ತನಗೂ ಹೇಳಿಕೊಂಡ.

ಜಗದಾಂಬ ಮಗಳೊಡನೆ ಕೈಸನ್ನೆಯಲ್ಲಿ ಮಾತಾಡುವುದನ್ನು ಕಂಡಾಗ ಅವನಿಗೆ ಸಿಟ್ಟು ಬಂತು. ಕಿವಿ ಇರುವ ಮಗುವಿಗೆ ಕೈ ತೋರಿಸಿ ತೋರಿಸಿ, ಕೇಳಿಸಿಕೊಳ್ಳುವ ಅಭ್ಯಾಸವನ್ನೇ ತಪ್ಪಿಸುತ್ತಿದ್ದೀಯೆ ಎಂದು ಗದರಿದ. ಇನ್ನೊಂದು ಸಲ ಕಂಡಾಗ ಹೆಂಡತಿಯ ಕೈಮೇಲೆ ಹೊಡೆದ. ಮೂರನೆಯ ಸಲ ಮಗಳ ಕೈಮೇಲೆ ಹೊಡೆದ. ಆಮೇಲೆ ಅವನು ಮನೆಯೊಳಗೆ ಕಾಲಿಟ್ಟ ಕೂಡಲೇ ನೀಲಾಂಬಿಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲತೊಡಗಿದಳು. ಎಷ್ಟು ವಿನಯ ಕಲಿತಿದ್ದಾಳೆ ಎಂದು ಅವನು ಸಂತೋಷಪಟ್ಟ.

ಎಂಬತ್ತೊಂದರ ಬೇಸಿಗೆಯಲ್ಲಿ ಪ್ರೈಮರಿ ಶಾಲೆಯ ಹೆಡ್‌ಮಾಸ್ತರು ನಂದೀಶ್ವರಯ್ಯನವರು ತಮ್ಮ ಟ್ರಾನ್ಸಿಸ್ಟರ್ ತೆಗೆದುಕೊಂಡು ಹೋಗಲು ಬಂದವರು ಒಂದು ಸುದ್ದಿ ಹೇಳಿದರು. ಮೈಸೂರಿನಲ್ಲಿ ಕಿವುಡು ಮಕ್ಕಳಿಗೆ ಮಾತು ಕಲಿಸುವ ಶಾಲೆಯಿದೆ. ಮಗುವಿನ ಜೊತೆ ತಾಯಿಯೂ ಹೋಗಿ ಮೂರು ವರ್ಷ ಅಲ್ಲೇ ಇದ್ದು ಕಲಿಯಬೇಕು. ಚಿಕ್ಕಂದಿನಲ್ಲಿ ಕಲಿತರೆ ಮಾತ್ರ ಕಲಿತಂತೆ, ಅದಕ್ಕೇ ಆರು ತುಂಬಿದ ಮಕ್ಕಳನ್ನು ಅವರು ಸೇರಿಸಿಕೊಳ್ಳುವುದಿಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ನೀಲಾಂಬಿಕೆಗೆ ಆಗ ಐದೂವರೆ.

ರೇಣುಕಯ್ಯ ಮಗಳನ್ನು ಕರೆಸಿ, ಗೋಡೆಗೆ ಮುಖ ಮಾಡಿಸಿ, ಹೆಡ್‌ಫೋನು ಹಾಕಿ ಹತ್ತು ಸಲ ಪರೀಕ್ಷೆ ಮಾಡಿ ತೋರಿಸಿದ. ಹತ್ತಕ್ಕೆ ಹತ್ತು. ಮಾಸ್ತರು ತಲೆದೂಗಿದರು. ಅವರೂ ಕಣ್ಣಲ್ಲಿ ಕಂಡದ್ದನ್ನು ನಂಬುವವರು. ಹಾಗಾದರೆ ಸರಿ ಎಂದು ಹೊರಟುಹೋದರು.

ಆ ಮಾತು ಜಗದಾಂಬಳ ಕಿವಿಗೂ ಬಿತ್ತು. ಅವಳು ಒಂದು ವಾರದ ಮೇಲೆ ತನ್ನದೊಂದು, ಮಗಳದೊಂದು ಬಟ್ಟೆಯ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು. ಆ ದಿನ ಅವನು ಊಟಕ್ಕೆ ಬಂದಾಗ ಎದುರು ನಿಂತು ಹೇಳಿದಳು:

"ನಂಗೆ ಬೇರೇನೂ ಬ್ಯಾಡ ಕಣ್ರೀ. ಮೂರು ವರ್ಸ ನಮ್ಮಿಬ್ರುನ್ನ ಕಳ್ಸಿಕೊಡ್ರಿ. ಕೇಳ್ಸಿದ್ರೆ ಅಲ್ಲೇ ಗೊತ್ತಾಯ್ತದೆ, ವಾಪಸ್ ಬರ್ತೀವಿ."

ಕೇಳುವ ಮಗುವನ್ನು ಕಿವುಡರ ಜೊತೆ ಬಿಟ್ಟರೆ ಅವಳೂ ಮೂಗಿಯಾಗುತ್ತಾಳೆ ಎಂದ ರೇಣುಕಯ್ಯ. ಊರಿನ ರೇಡಿಯೋಗಳಿಗೆಲ್ಲ ದನಿ ಕೊಟ್ಟವನು ತನ್ನ ಮಗಳನ್ನು ಇನ್ನೊಬ್ಬರ ಕೈಗೆ ಕೊಡಬೇಕೇ ಎಂದೂ ಅಂದ. ನಿಜವಾದ ಮಾತು ಅದೇ ಆಗಿತ್ತು. ಗಂಟು ಬಾಗಿಲ ಹಿಂದೆಯೇ ಇತ್ತು, ಜೂನ್ ಕಳೆಯುವವರೆಗೂ ಅವಳು ಅದನ್ನು ಬಿಚ್ಚಲಿಲ್ಲ.

ಅದೇ ಬೇಸಿಗೆಯ ಮೇ ತಿಂಗಳಲ್ಲಿ ಪಾವಗಡದ ದಾರಿಯ ಒಂದು ಗೊಲ್ಲರ ಹಟ್ಟಿಯಿಂದ ಕಾಟಪ್ಪ ಎಂಬ ಕುರಿಗಾಹಿ ರೇಡಿಯೋ ತಂದಿದ್ದ. ರಿಪೇರಿಯಾಗುವ ತನಕ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ಅವನು ನೀಲಾಂಬಿಕೆಯನ್ನು ಬಹಳ ಹೊತ್ತು ನೋಡಿದ. ಕುರಿ ಕಾಯುವವರ ಕಣ್ಣು. ಮಂದೆಯಲ್ಲಿ ಕುಂಟುವ ಮರಿ ಯಾವುದೆಂದು ಅವರಿಗೆ ದೂರದಿಂದಲೇ ತಿಳಿಯುತ್ತದೆ. ಪರೀಕ್ಷೆ ಮುಗಿದು ಕಲ್ಲುಸಕ್ಕರೆ ಕೊಟ್ಟದ್ದೂ ಆದ ಮೇಲೆ ಅವನು ಮೆಲ್ಲಗೆ ಬಾಯಿಬಿಟ್ಟ.

"ಅಯ್ನೋರೆ, ತಪ್ಪು ತಿಳ್ಕಾಬ್ಯಾಡಿ. ನನ್ ತಮ್ಮ ಕ್ಯಾತಪ್ಪನೂ ಇಂಗೇಯ. ಕುರಿ ಬೆದ್ರಿ ಓಡುದ್ರೆ ನಮಗಿಂತ ಮುಂಚೆ ಅವನು ಎದ್ ನಿಂತ್ಕಂತಾನೆ. ಕೇಳಿ ಅಲ್ಲ, ನೆಲ ಅದುರ್ತೈತಲ್ಲ, ಕಾಲಾಗೆ ತಿಳ್ಕಂತಾನೆ. ಈ ಮಗಾನೂ ಅಂಗೇ ಮೈಯಾಗೆ ತಿಳ್ಕಂತೈತೇನೋ, ಒಂದ್ಕಿತ ನೋಡಿ."

ರೇಣುಕಯ್ಯನ ಮುಖ ಕೆಂಪಾಯಿತು. ಅರ್ಧ ಬಿಚ್ಚಿದ್ದ ರೇಡಿಯೋವನ್ನು ಹಾಗೆಯೇ ಟವೆಲ್ಲಿನೊಳಗೆ ತುರುಕಿ ಕಾಟಪ್ಪನ ಮಡಿಲಿಗೆ ಹಾಕಿದ. ಕುರಿ ಕಾಯುವವನು ನನಗೆ ಕಿವಿಯ ಪಾಠ ಹೇಳಬೇಡ, ಮೆಟ್ಟಿಲಿಳಿ ಎಂದ. ಕಾಟಪ್ಪ ಉಗಿಯಬೇಕಾದ ಎಲೆಯನ್ನು ನುಂಗಿಕೊಂಡು ಎದ್ದ. ಹೋಗುವಾಗ ಹುಡುಗಿಯ ತಲೆ ಸವರಿ ಹೋದ. ಎರಡು ನಿಮಿಷದ ಕೆಲಸವಾಗಿತ್ತು ಅವನು ಹೇಳಿದ್ದು. ಅದನ್ನು ಮಾಡಿದ್ದರೆ ಬಾಗಿಲ ಹಿಂದಿನ ಗಂಟು ಮೈಸೂರಿನ ಬಸ್ಸು ಹತ್ತುತ್ತಿತ್ತು.

ಕಾರ್ತಿಕ ಬಂತು, ನೀಲಾಂಬಿಕೆಗೆ ಆರು ತುಂಬಿತು. ಊರಿನ ಶಾಲೆಗೆ ಸೇರಿಸಿದರು. ಒಂದನೇ ಕ್ಲಾಸಿನಲ್ಲಿ ಎರಡು ವರ್ಷ ಹಿಂದಿನ ಸಾಲಿನಲ್ಲಿ ಕೂತಿದ್ದು, ಆಮೇಲೆ ತಾನಾಗಿಯೇ ಮನೆಯಲ್ಲಿ ಉಳಿದಳು.

ಎಂಬತ್ನಾಲ್ಕರಲ್ಲಿ ಶಿರಾದ ಖಲಂದರ್ ಸಾಬಿ ದುಬೈನಿಂದ ರಜೆಗೆ ಬಂದ. ಹಿಂದೆ ರೇಣುಕಯ್ಯನ ಹತ್ತಿರವೇ ಕೆಲಸ ಕಲಿತವನು ಅವನು. ಉಸ್ತಾದರಿಗೆಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಟೇಪನ್ನೂ ಅದರ ಹೆಡ್‌ಫೋನನ್ನೂ ತಂದುಕೊಟ್ಟ. ಮಧುಗಿರಿಯಲ್ಲಿ ಅಂಥದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಕಡ್ಡಿಯಂಥ ತಂತಿಯ ಪಟ್ಟಿ, ತುದಿಗಳಲ್ಲಿ ಕಿತ್ತಲೆ ಬಣ್ಣದ ಸ್ಪಂಜಿನ ಎರಡು ಬಿಲ್ಲೆ. ಕಿವಿಯ ಮೇಲೆ ಇಟ್ಟರೆ ಇಟ್ಟದ್ದೇ ತಿಳಿಯದು, ಎರಡು ವೀಳ್ಯದೆಲೆಯಷ್ಟು ತೂಕ.

ರೇಣುಕಯ್ಯ ಅದನ್ನು ಹಾಕಿಕೊಂಡು ಒಂದು ಗಂಟೆ ಅಲ್ಲಾಡದೆ ಕೂತ. ಮೂವತ್ತು ವರ್ಷ ದನಿಯ ಕೆಲಸ ಮಾಡಿದವನು ದನಿಯನ್ನು ಇವತ್ತೇ ಮೊದಲು ಕೇಳಿದಂತಿತ್ತು. ಹಾಡುವವಳು ಸಾಲಿನ ಮಧ್ಯೆ ಉಸಿರೆಳೆದುಕೊಂಡದ್ದು ಕೇಳಿತು. ತಬಲಾದ ಮೇಲೆ ಬೆರಳು ಜಾರಿದ್ದು ಕೇಳಿತು. ಹಾಡು ಕಿವಿಯ ಹತ್ತಿರ ಇರಲಿಲ್ಲ, ತಲೆಯ ನಟ್ಟನಡುವೆ ಇತ್ತು. ಹಳೆಯದನ್ನು ತೆಗೆದು ಇದನ್ನು, ಇದನ್ನು ತೆಗೆದು ಹಳೆಯದನ್ನು, ಹೀಗೆ ಹತ್ತಾರು ಸಲ ಬದಲಿಸಿ ನೋಡಿದ. ಹಳೆಯದು ಬಿಸಿಲಲ್ಲಿ ಕಿವಿ ಬೇಯಿಸುತ್ತಿತ್ತು, ಪಟ್ಟಿ ನೆತ್ತಿಯನ್ನು ಒತ್ತುತ್ತಿತ್ತು, ದನಿಯೆಲ್ಲ ಗೊಗ್ಗರು. ಹೊಸದರ ಮುಂದೆ ಅದು ಏನೇನೂ ಅಲ್ಲ. ಹೊಸದರಲ್ಲಿ ಅವನಿಗೆ ಕಂಡ ದೋಷ ಒಂದೇ, ಸ್ಪಂಜು ಬೇಗ ಪುಡಿಯಾಗುತ್ತದೇನೋ ಎಂಬುದು.

ಮಗಳನ್ನು ಓಡಿಹೋಗಿ ಕರೆತಂದ. ಇಷ್ಟು ಸ್ವಚ್ಛವಾದ ದನಿ ಒಳಗೆ ಹೋದರೆ ಇನ್ನಾದರೂ ಮಾತು ಹೊರಗೆ ಬರುತ್ತದೆ ಎಂದುಕೊಂಡ. ಅವಳು ಗೋಡೆಗೆ ಮುಖ ಮಾಡಿ ಕೂತಳು. ಅವನು ದನಿಯನ್ನು ಪೂರ್ತಿ ಏರಿಸಿದ. ಪಕ್ಕದ ದರ್ಜಿ ಮಿಷನ್ ನಿಲ್ಲಿಸಿ, ಅದೇನಯ್ಯ ಸೊಳ್ಳೆ ಹಾಡಿದ ಹಾಗೆ ಎಂದು ಕೇಳಿದ. ಹುಡುಗಿ ಬೆರಳೆತ್ತಲಿಲ್ಲ. ಹತ್ತು ಸಲ ಹಾಕಿದ, ಹತ್ತು ಸಲವೂ ಇಲ್ಲ. ಕೊನೆಗೆ ಅವಳು ತಿರುಗಿ, ಮೇಜಿನ ಮೇಲಿದ್ದ ಹಳೆಯ ಹೆಡ್‌ಫೋನನ್ನು ಬೆರಳಿಂದ ತೋರಿಸಿದಳು.

ಆ ಕ್ಷಣದಲ್ಲಿ ರೇಣುಕಯ್ಯನಿಗೆ ಕಾಟಪ್ಪನ ಮಾತು ನೆನಪಾಯಿತು. ನೆನಪಾದದ್ದು ನಿಜ, ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಆದರೆ ಅವನು ಹೊಸ ಹೆಡ್‌ಫೋನನ್ನು ಪೆಟ್ಟಿಗೆಯಲ್ಲಿಟ್ಟು, ದುಬೈ ಮಾಲು ನೋಡುವುದಕ್ಕಷ್ಟೇ ಚೆನ್ನ, ಹಳೆಯದರ ಶಕ್ತಿ ಇದಕ್ಕಿಲ್ಲ ಎಂದು ದರ್ಜಿಗೆ ಹೇಳಿದ. ಹೇಳುವಾಗ ಅದು ಸುಳ್ಳೆಂದು ಅವನ ಕಿವಿಗೆ ಗೊತ್ತಿತ್ತು. ಹೆದರಿದ್ದ ಅವನು, ಅಷ್ಟೇ. ಮತ್ತೆ ಎರಡು ವರ್ಷ ಹಳೆಯದನ್ನೇ ಹಾಕಿದ. ಅವಳ ಕಿವಿಯ ಮೇಲೆ ಬಟ್ಟಲು ಒತ್ತಿ ಒತ್ತಿ ಜಡ್ಡುಗಟ್ಟಿತು, ಬೇಸಿಗೆಯಲ್ಲಿ ಹುಣ್ಣಾಗುತ್ತಿತ್ತು. ಅರಿಸಿನ ಹಚ್ಚಿಕೊಂಡೇ ಅವಳು ಬಂದು ಕೂರುತ್ತಿದ್ದಳು, ಬೆರಳೆತ್ತುತ್ತಿದ್ದಳು, ಅಂಗೈ ಚಾಚುತ್ತಿದ್ದಳು.

ಎಂಬತ್ತಾರರ ಚೈತ್ರದಲ್ಲಿ ಒಂದು ಮಧ್ಯಾಹ್ನ. ಮದುವೆಯ ಮೈಕ್‌ಸೆಟ್ಟೊಂದು ರಿಪೇರಿಗೆ ಬಂದಿತ್ತು. ರೇಣುಕಯ್ಯ ಹಳೆಯ ಹೆಡ್‌ಫೋನನ್ನು ಅದಕ್ಕೆ ಸಿಕ್ಕಿಸಿ, ಹಾಗೆಯೇ ಮೇಜಿನ ಮೇಲೆ ಬಿಟ್ಟು, ಒಳಗಿನ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ. ಊಟದ ಕ್ಯಾರಿಯರ್ ತಂದಿದ್ದ ನೀಲಾಂಬಿಕೆ ಬೀದಿಯಲ್ಲಿ ಹೋಗುವ ಎತ್ತಿನ ಗಾಡಿಯನ್ನು ನೋಡುತ್ತ ಸ್ಟೂಲಿನ ಮೇಲೆ ಕೂತಿದ್ದಳು. ಹನ್ನೊಂದು ನಡೆಯುತ್ತಿದ್ದ ಹುಡುಗಿ. ಹೆಡ್‌ಫೋನನ್ನು ಸುಮ್ಮನೆ ಎತ್ತಿ ಮಡಿಲಲ್ಲಿ, ಲಂಗದ ಮೇಲೆ, ಮೊಣಕಾಲಿಗೆ ಒತ್ತಿಕೊಂಡಿದ್ದಳು. ರೇಣುಕಯ್ಯ ತಂತಿ ಮುಟ್ಟಿದ. ಅವಳು ಬೀದಿಯನ್ನು ನೋಡುತ್ತಲೇ ಬೆರಳೆತ್ತಿದಳು.

ಅವನು ಕೈ ತೆಗೆದ. ಬೆರಳು ಇಳಿಯಿತು. ಮುಟ್ಟಿದ. ಎದ್ದಿತು.

ಆಮೇಲೆ ಅವನು ಮಾಡಿದ್ದು ಕೆಟ್ಟ ರೇಡಿಯೋಗೆ ಮಾಡುವುದನ್ನೇ. ಎಲ್ಲಿಯವರೆಗೆ ದನಿ ಬರುತ್ತಿದೆ, ಎಲ್ಲಿಂದ ಇಲ್ಲ ಎಂದು ಹಂತ ಹಂತವಾಗಿ ಹುಡುಕುವ ಕೆಲಸ. ಅವಳನ್ನು ಗೋಡೆಗೆ ಮುಖ ಮಾಡಿಸಿ ಕೂರಿಸಿದ. ಹತ್ತಿಯ ಎರಡು ಸಿಂಬೆ ಸುತ್ತಿ, ಬಟ್ಟಲು ಚರ್ಮಕ್ಕೆ ತಾಗದಂತೆ ಕಿವಿಗೂ ಬಟ್ಟಲಿಗೂ ನಡುವೆ ಇಟ್ಟ. ದನಿಯನ್ನು ಪೂರ್ತಿ ಏರಿಸಿದ. ಅಂಗಡಿಯ ಹೊರಗೆ ನಿಂತವರಿಗೂ ಕೇಳುವಷ್ಟು ಮೊರೆಯಿತು. ಬೆರಳು ಏಳಲಿಲ್ಲ. ಕಿವಿಯಿಂದ ತೆಗೆದು ಅವಳ ಹೆಗಲಿಗೆ ತಾಗಿಸಿದ. ಬೆರಳೆದ್ದಿತು. ಮೊಣಕೈಗೆ ತಾಗಿಸಿದ. ಎದ್ದಿತು. ಬರಿಗಾಲಿನ ಹಿಮ್ಮಡಿಗೆ ತಾಗಿಸಿದ. ಎದ್ದಿತು.

ಏಳು ವರ್ಷ ಅವಳ ಕಣ್ಣು ಮೋಸ ಮಾಡದಂತೆ ಕಾವಲು ಕಾದಿದ್ದ. ಅದುರುವ ಕಬ್ಬಿಣದ ಬಿಲ್ಲೆ ಚರ್ಮಕ್ಕೂ ತಿಳಿಯುತ್ತದೆ ಎಂಬುದು, ದಿನಾ ಅದೇ ಬಿಲ್ಲೆಯನ್ನು ಕೈಯಲ್ಲಿ ಹಿಡಿಯುತ್ತಿದ್ದವನಿಗೆ ಹೊಳೆದಿರಲಿಲ್ಲ. ಅವಳು ಒಂದು ದಿನವೂ ಮೋಸ ಮಾಡಿರಲಿಲ್ಲ. ಅದುರಿದಾಗ ಬೆರಳೆತ್ತು ಎಂದುಕೊಂಡಿದ್ದಳು, ಎತ್ತಿದ್ದಳು.

ಪರೀಕ್ಷೆ ಮುಗಿಯಿತೆಂದು ನೀಲಾಂಬಿಕೆ ತಿರುಗಿ ಅಂಗೈ ಚಾಚಿದಳು. ಮೂರು ಸಲ ಸರಿಯಾಗಿ ಎತ್ತಿದ್ದಳಲ್ಲ. ಅವನು ಡಬ್ಬಿಯಿಂದ ಮೂರು ಕಲ್ಲುಸಕ್ಕರೆ ಎಣಿಸಿ ಕೊಟ್ಟ. ಒಂದು ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡು, ಊದಿ ಬಾಯಿಗೆ ಹಾಕಿಕೊಂಡಳು.

ಅಂಗಡಿ ಮುಚ್ಚಿ, ಮಗಳನ್ನು ಮುಂದೆ ಬಿಟ್ಟುಕೊಂಡು ಮನೆಗೆ ಬಂದ. ಜಗದಾಂಬ ಜಗಲಿಯಲ್ಲಿ ಕೂತು ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ಅವನು ಎದುರಿಗೆ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಅವಳ ಅಳು ಐದು ವರ್ಷದ ಹಿಂದಿನ ಜೂನ್‌ನಲ್ಲೇ ಮುಗಿದಿತ್ತು. ಮೈಸೂರಿಗೆ ಕಾಗದ ಬರೆಯುತ್ತೇನೆ ಎಂದ. ಆರು ತುಂಬಿದವರನ್ನು ಸೇರಿಸುವುದಿಲ್ಲ ಎಂದು ಅವಳೇ ನೆನಪಿಸಿದಳು.

ರೇಣುಕಯ್ಯ ಕೇಳಿದ, ಆ ಸನ್ನೆಗಳು ಇನ್ನೂ ಇವೆಯೇ ಎಂದು.

"ಅವೆ," ಎಂದಳು. "ನೀವು ಅಂಗ್ಡಿಗ್ ಹೋದ್ಮ್ಯಾಲೆ ಮಾತಾಡ್ಕಂತೀವಿ. ಒಂದಿಪ್ಪತ್ತು ಅವೆ. ಮೈಸೂರ್ನಾಗೆ ಕಲ್ತಿದ್ರೆ ಸಾವ್ರ ಮಾತು ಇರ್ತಿದ್ವು."

ಅನ್ನಕ್ಕೆ ಹೇಗೆ, ನೀರಿಗೆ ಹೇಗೆ, ನೋವಿಗೆ ಹೇಗೆ ಎಂದು ಅವನು ಒಂದೊಂದಾಗಿ ಕೇಳಿದ, ಅವಳು ತೋರಿಸಿದಳು. ಅವನು ತನ್ನ ದಪ್ಪ ಬೆರಳುಗಳಿಂದ ಹಾಗೆಯೇ ಮಾಡಿ ನೋಡಿದ. ಬಾಗಿಲ ಬಳಿ ನಿಂತಿದ್ದ ನೀಲಾಂಬಿಕೆ ಅವರಿಬ್ಬರ ಕೈಗಳನ್ನು ನೋಡುತ್ತಿದ್ದಳು. ಅವಳ ಕೈಗಳು ಬೆನ್ನ ಹಿಂದಿದ್ದವು.

"ನನಗೇನಂತಾಳೆ?" ಎಂದು ಕೊನೆಗೆ ಕೇಳಿದ.

ಜಗದಾಂಬ ಮೊರವನ್ನು ಪಕ್ಕಕ್ಕಿಟ್ಟಳು. ಎರಡೂ ಅಂಗೈಗಳನ್ನು ಬಟ್ಟಲು ಮಾಡಿ ತನ್ನ ಎರಡು ಕಿವಿಗಳ ಮೇಲಿಟ್ಟು, ನೋಯುವಷ್ಟು ಬಲವಾಗಿ ಒತ್ತಿ ಹಿಡಿದಳು.

ಅದನ್ನು ಕಂಡದ್ದೇ ನೀಲಾಂಬಿಕೆ ಓಡಿ ಬಂದಳು. ಅಪ್ಪ ಎದುರಿಗೇ ಕೂತಿದ್ದಾನೆ, ನೋಡಿಬಿಡುತ್ತಾನೆ ಎಂಬ ಗಾಬರಿಯಲ್ಲಿ ತಾಯಿಯ ಎರಡೂ ಕೈಗಳನ್ನು ಕಿವಿಯಿಂದ ಕಿತ್ತು, ಸೆರಗಿನೊಳಗೆ ಮುಚ್ಚಿ, ಅದರ ಮೇಲೆ ತಾನು ಕವುಚಿ ಕೂತಳು.